ಎರಡು ಘಟ್ಟಗಳ ಸಂಧಿಯಲ್ಲಿ

ಕರ್ನಾಟಕದ ಭೂಪಟವನ್ನು ಬಿಡಿಸಿ ನೋಡಿದರೆ, ದಕ್ಷಿಣದ ತುತ್ತತುದಿಯಲ್ಲಿ ತಮಿಳುನಾಡಿನೊಳಕ್ಕೂ ಕೇರಳದ ಕಡೆಗೂ ಚಾಚಿಕೊಂಡಿರುವ ಒಂದು ಭೂಭಾಗ ಕಣ್ಣಿಗೆ ಬೀಳುತ್ತದೆ. ಅದೇ ಚಾಮರಾಜನಗರ ಜಿಲ್ಲೆ. ಅದರ ವಾಯವ್ಯಕ್ಕೆ ಮೈಸೂರು ಜಿಲ್ಲೆ, ಉತ್ತರಕ್ಕೆ ಮಂಡ್ಯ ಜಿಲ್ಲೆ. ನೈಋತ್ಯಕ್ಕೆ ಕೇರಳದ ವಯನಾಡು, ದಕ್ಷಿಣಕ್ಕೆ ತಮಿಳುನಾಡಿನ ನೀಲಗಿರಿ ಮತ್ತು ಈರೋಡು ಸೀಮೆ, ಪೂರ್ವಕ್ಕೆ ಕಾವೇರಿ ನದಿ ಮತ್ತು ಅದರಾಚೆಯ ತಮಿಳುನಾಡು. ಮೂರು ರಾಜ್ಯಗಳು ಸೇರುವ ಈ ಮೂಲೆಯಲ್ಲಿ ಇನ್ನೊಂದು ಸಂಗಮವೂ ಆಗಿದೆ. ಪಡುವಣ ಕಡಲಿಗೆ ಸಮಾನಾಂತರವಾಗಿ ಸಾಗಿಬರುವ ಪಶ್ಚಿಮಘಟ್ಟಗಳೂ, ಮೂಡಣ ದಿಕ್ಕಿನಿಂದ ಬಿಟ್ಟುಬಿಟ್ಟು ಹಬ್ಬಿರುವ ಪೂರ್ವಘಟ್ಟಗಳೂ ಇಲ್ಲಿಗೆ ಬಂದು ಪರಸ್ಪರ ಸಮೀಪಿಸುತ್ತವೆ. ಈ ಎರಡು ಪರ್ವತಶ್ರೇಣಿಗಳ ನಡುವೆ ಸೇತುವೆಯಂತೆ ನಿಂತಿರುವುದು ಬಿಳಿಗಿರಿರಂಗನ ಬೆಟ್ಟ.

ಜಿಲ್ಲೆಯ ವಿಸ್ತೀರ್ಣ ಐದು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು. ಅದರಲ್ಲಿ ಸುಮಾರು ಅರ್ಧದಷ್ಟು ಕಾಡು. 2011ರ ಜನಗಣತಿಯ ಪ್ರಕಾರ ಜನಸಂಖ್ಯೆ 10,20,791. ಅವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಹಳ್ಳಿಗಳಲ್ಲಿ ವಾಸಿಸುತ್ತಾರೆ. 1997ರಲ್ಲಿ ಮೈಸೂರು ಜಿಲ್ಲೆಯನ್ನು ವಿಭಜಿಸಿ ಇದನ್ನು ಪ್ರತ್ಯೇಕ ಜಿಲ್ಲೆಯನ್ನಾಗಿ ಮಾಡಲಾಯಿತು. ಆಗ ಇದ್ದುದು ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ ಮತ್ತು ಯಳಂದೂರು ಎಂಬ ನಾಲ್ಕು ತಾಲ್ಲೂಕುಗಳು. ಅನಂತರ ಕೊಳ್ಳೇಗಾಲದಿಂದ ಹನೂರು ಬೇರೆಯಾಯಿತು.

ಜಿಲ್ಲೆಯ ಮುಖ್ಯ ಪಟ್ಟಣಕ್ಕೆ ಮೊದಲು ಅರಿಕುಠಾರವೆಂಬ ಹೆಸರಿತ್ತು. ಮೈಸೂರು ಅರಸರಾದ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರೆಂಬ ಅಭಿಮಾನದಿಂದ ಅದಕ್ಕೆ ಚಾಮರಾಜನಗರವೆಂದು ಹೆಸರಿಟ್ಟು, ಅಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಈ ಪಟ್ಟಣಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರವನ್ನು ಕಳೆದುಕೊಳ್ಳುತ್ತಾರೆ ಎಂಬ ವಿಚಿತ್ರ ನಂಬಿಕೆಯೊಂದು ಬಹುಕಾಲ ರಾಜಕಾರಣಿಗಳನ್ನು ಕಾಡಿತ್ತು. 2013ರಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರು ಹಲವು ಬಾರಿ ಈ ಊರಿಗೆ ಬಂದುಹೋಗಿ ತಮ್ಮ ಐದು ವರ್ಷಗಳ ಅವಧಿಯನ್ನು ಪೂರೈಸಿದರು. ಹಿಂದುಳಿದ ಗಡಿ ಜಿಲ್ಲೆಯೊಂದನ್ನು ಆಳುವವರು ಬಂದು ಕಣ್ಣಾರೆ ನೋಡಬೇಕಾದ ಕಾಲದಲ್ಲಿ ಇಂತಹ ನಂಬಿಕೆಗೆ ತೆತ್ತ ಬೆಲೆ ಅಲ್ಲಿನ ಜನರದೇ ಹೊರತು ರಾಜಕಾರಣಿಗಳದ್ದಲ್ಲ.

ಯಳಂದೂರು ಚಿಕ್ಕ ತಾಲ್ಲೂಕಾದರೂ ಸಾಹಿತ್ಯದ ಚರಿತ್ರೆಯಲ್ಲಿ ದೊಡ್ಡ ಹೆಸರು ಪಡೆದಿದೆ. ಹದಿನೇಳನೆಯ ಶತಮಾನದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಊಳಿಗದಲ್ಲಿದ್ದು ‘ಹದಿಬದೆಯ ಧರ್ಮ’ವನ್ನು ರಚಿಸಿದ ಸಂಚಿಯ ಹೊನ್ನಮ್ಮ ಈ ಊರಿನವಳು. ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತದ್ದೂ ಈ ಯಳಂದೂರೇ.

ಗಡಿ ಎಂಬುದು ನಕ್ಷೆಯ ಮೇಲೆ ಎಳೆದ ಗೆರೆ. ನೆಲದ ಮೇಲೆ ಅದು ಅಷ್ಟು ಸ್ಪಷ್ಟವಾಗಿ ಕಾಣಿಸುವುದಿಲ್ಲ. 1956ಕ್ಕೆ ಮೊದಲು ಕೊಳ್ಳೇಗಾಲವು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಭಾಷಾವಾರು ರಾಜ್ಯಗಳ ರಚನೆಯಾದಾಗ ಅದು ಮೈಸೂರು ರಾಜ್ಯಕ್ಕೆ ಬಂದಿತು. ಆದರೆ ಅದರ ನೆರೆಯಲ್ಲಿಯೇ ಇರುವ ತಾಳವಾಡಿ ಪ್ರದೇಶ ಆಚೆಗೆ ಉಳಿಯಿತು. ತಾಳವಾಡಿಯ ಹಳ್ಳಿಗಳಲ್ಲಿ ಇಂದಿಗೂ ಬಹುಪಾಲು ಜನರ ಮನೆಮಾತು ಕನ್ನಡ. ದೀಪಾವಳಿ ಕಳೆದ ಮರುದಿನ ಅಲ್ಲಿಯ ಗುಮಟಾಪುರದಲ್ಲಿ ಗಂಡಸರೆಲ್ಲ ಸಗಣಿಯುಂಡೆಗಳನ್ನು ಒಬ್ಬರ ಮೇಲೊಬ್ಬರು ಎಸೆದಾಡಿ ಆಚರಿಸುವ ಗೋರೆ ಹಬ್ಬವನ್ನು ನೋಡಲು ಈಚೆಯ ಜನರೂ ಹೋಗುತ್ತಾರೆ. ಕನ್ನಡದ ಮೇರುನಟ ರಾಜ್‌ಕುಮಾರ್ ಅವರ ಬಾಳಿನಲ್ಲಿಯೇ ಈ ಗೆರೆಯ ಆಚೆ ಈಚೆಗಳು ಬೆರೆತಿದ್ದವು. ಅವರ ಹೆಸರಿನೊಂದಿಗೆ ಸೇರಿಕೊಂಡ ಸಿಂಗಾನಲ್ಲೂರು ಕರ್ನಾಟಕದಲ್ಲಿದೆ. ಅವರ ಬಾಲ್ಯದ ಗಾಜನೂರು ತಮಿಳುನಾಡಿನಲ್ಲಿದೆ. ನೆಂಟಸ್ತಿಕೆ, ಸಂತೆ, ಜಾತ್ರೆ, ಕೂಲಿ, ಇವುಗಳಿಗಾಗಿ ಜನರು ದಿನವೂ ಗಡಿಯನ್ನು ದಾಟುತ್ತಾರೆ. ಗುಂಡ್ಲುಪೇಟೆಯ ತರಕಾರಿ ಕೇರಳದ ಅಡುಗೆಮನೆಗಳಿಗೆ ಹೋಗುತ್ತದೆ. ಹನೂರಿನ ಕಡೆಯ ಬಡ ಕುಟುಂಬಗಳು ಮಳೆ ಕೈಕೊಟ್ಟ ವರ್ಷ ಕೂಲಿಯನ್ನು ಅರಸಿ ಗುಳೆ ಹೋಗುತ್ತವೆ. ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ 1970ರ ದಶಕದಿಂದ ಟಿಬೆಟಿನ ನಿರಾಶ್ರಿತರು ನೆಲೆಸಿ, ಮುಸುಕಿನ ಜೋಳವನ್ನು ಬೆಳೆಯುತ್ತಿದ್ದಾರೆ. ಹಿಮಾಲಯದ ಆಚೆಯಿಂದ ಬಂದವರಿಗೂ ಈ ಗಡಿನಾಡು ಇಂಬು ಕೊಟ್ಟಿತು.

ಜಿಲ್ಲೆಯ ಬಯಲು ಭಾಗ ಮಳೆಗಾಗಿ ಹಂಬಲಿಸುವ ನಾಡು. ನೈಋತ್ಯ ಮಾರುತಗಳು ಪಶ್ಚಿಮಘಟ್ಟಗಳಲ್ಲಿಯೇ ತಮ್ಮ ನೀರನ್ನು ಸುರಿಸಿ ಹಗುರಾಗಿ ಇಲ್ಲಿಗೆ ಬರುತ್ತವೆ. ಆದುದರಿಂದ ರೈತನು ಮುಂಗಾರನ್ನು ನಂಬಿದಷ್ಟೇ ಹಿಂಗಾರನ್ನೂ ನಂಬಬೇಕು. ರಾಗಿ, ಜೋಳ, ಹುರುಳಿ, ಅವರೆ ಇಲ್ಲಿನ ಹಳೆಯ ಬೆಳೆಗಳು. ಕೊಳವೆಬಾವಿಗಳು ಬಂದ ಮೇಲೆ ಅರಿಸಿನ, ಬಾಳೆ, ಕಬ್ಬುಗಳೂ, ಗುಂಡ್ಲುಪೇಟೆಯ ಕಡೆ ಹೊಲಕ್ಕೆ ಹೊಲವೇ ಹಳದಿಯಾಗುವ ಚೆಂಡುಹೂ, ಸೂರ್ಯಕಾಂತಿಗಳೂ ಕಾಣಿಸಿಕೊಂಡವು. ಕೊಳ್ಳೇಗಾಲ ರೇಷ್ಮೆಗೆ ಹೆಸರಾಗಿದೆ. ಇಲ್ಲಿನ ಕರಿಕಲ್ಲು ದೂರದ ದೇಶಗಳಿಗೆ ಹೋಗುತ್ತದೆ; ಅದನ್ನು ಅಗೆದ ಗುಂಡಿಗಳು ಮಾತ್ರ ಊರಿನಲ್ಲಿಯೇ ಉಳಿಯುತ್ತವೆ.

ಬೆಟ್ಟದ ಕಡೆಗೆ ಹೊರಟರೆ ಈ ಚಿತ್ರವೆಲ್ಲ ಬದಲಾಗುತ್ತದೆ. ಯಳಂದೂರಿನ ಬಯಲಿನಿಂದ ಬಿಳಿಗಿರಿರಂಗನ ಬೆಟ್ಟವನ್ನು ಹತ್ತುವಾಗ ಮೊದಲು ಕಾಣುವುದು ಮುಳ್ಳುಪೊದೆಗಳ ಕುರುಚಲು ಕಾಡು. ಸ್ವಲ್ಪ ಮೇಲೇರಿದರೆ ಬೇಸಗೆಯಲ್ಲಿ ಎಲೆಯುದುರಿಸುವ ಮತ್ತಿ, ಹೊನ್ನೆ, ಬೀಟೆ, ದಿಂಡಿಗ, ನೆಲ್ಲಿ ಮರಗಳು. ಇನ್ನೂ ಮೇಲೆ ಸದಾ ಹಸುರಾಗಿರುವ ದಟ್ಟ ಕಾಡು. ಶಿಖರಗಳ ಬಳಿ ಕಣಿವೆಗಳಲ್ಲಿ ಶೋಲಾ ಕಾಡು, ಅದರ ಸುತ್ತ ಗಾಳಿಗೆ ತೆರೆತೆರೆಯಾಗಿ ಬಾಗುವ ಹುಲ್ಲುಗಾವಲು. ಕೆಲವೇ ಮೈಲಿಗಳ ಅಂತರದಲ್ಲಿ ಇಷ್ಟು ಬಗೆಯ ಸಸ್ಯಸಮೂಹಗಳು ಒಂದರ ಮೇಲೊಂದು ಅಡುಕಿಟ್ಟಂತೆ ಇರುವ ಸ್ಥಳಗಳು ವಿರಳ. ಅತ್ಯುನ್ನತ ಶಿಖರವಾದ ಕತ್ತರಿ ಬೆಟ್ಟವು ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿದೆ. ಈ ಬೆಟ್ಟಗಳಲ್ಲಿ ಹುಟ್ಟುವ ತೊರೆಗಳನ್ನು ಕೂಡಿಸಿಕೊಂಡು ಹರಿಯುವ ಸುವರ್ಣಾವತಿ ನದಿಯು ಚಾಮರಾಜನಗರ, ಯಳಂದೂರುಗಳ ಗದ್ದೆಗಳನ್ನು ತಣಿಸಿ ಕೊಳ್ಳೇಗಾಲದ ಸೀಮೆಯಲ್ಲಿ ಕಾವೇರಿಯನ್ನು ಸೇರುತ್ತದೆ. ಬಯಲಿನ ಭತ್ತಕ್ಕೆ ನೀರು ಬೆಟ್ಟದ ಕಾಡಿನಿಂದಲೇ ಬರಬೇಕು. ಕಾವೇರಿಯು ಶಿವನಸಮುದ್ರದಲ್ಲಿ ಗಗನಚುಕ್ಕಿ, ಭರಚುಕ್ಕಿಗಳಾಗಿ ಕವಲೊಡೆದು ಧುಮುಕುತ್ತದೆ. ಆ ಬೀಳುವ ನೀರಿನಿಂದಲೇ 1902ರಲ್ಲಿ ವಿದ್ಯುತ್ತನ್ನು ಉತ್ಪಾದಿಸಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಒಯ್ಯಲಾಯಿತು.

ಈ ಬೆಟ್ಟಗಳ ನಿಜವಾದ ನಿವಾಸಿಗಳು ಸೋಲಿಗರು. ತಾವು ಬಿದಿರಿನಿಂದ ಹುಟ್ಟಿಬಂದವರೆಂದು ಅವರು ಹೇಳಿಕೊಳ್ಳುತ್ತಾರೆ. ಅವರ ನುಡಿ ಕನ್ನಡಕ್ಕೆ ತೀರ ಹತ್ತಿರವಾದುದು. ಅವರ ಊರಿಗೆ ಪೋಡು ಎಂದು ಹೆಸರು. ಹಿಂದೆ ಅವರು ಕಾಡಿನಲ್ಲಿ ಒಂದಷ್ಟು ಜಾಗವನ್ನು ಸವರಿ, ರಾಗಿ, ಅವರೆ, ಸಾಸಿವೆ, ಕುಂಬಳಗಳನ್ನು ಬೆಳೆದು, ಕೆಲವು ವರ್ಷಗಳಾದ ಮೇಲೆ ಆ ನೆಲವನ್ನು ಕಾಡಿಗೇ ಬಿಟ್ಟುಕೊಟ್ಟು ಬೇರೆಡೆಗೆ ಹೋಗುತ್ತಿದ್ದರು. ಇದರೊಂದಿಗೆ ಗೆಡ್ಡೆಗೆಣಸು, ಸೊಪ್ಪು, ಹಣ್ಣು ಮತ್ತು ಜೇನು ಅವರಿಗೆ ಕಾಡು ಕೊಡುತ್ತಿದ್ದ ಆಹಾರ. ಸೋಲಿಗರಲ್ಲಿ ಹಲವು ಕುಲಗಳಿವೆ. ಒಂದೊಂದು ಕುಲಕ್ಕೂ ಕಾಡಿನಲ್ಲಿ ತನ್ನದೇ ಆದ ಎಲ್ಲೆ ಉಂಟು. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಐದು ಬಗೆಯ ಪವಿತ್ರ ಸ್ಥಾನಗಳಿರುತ್ತವೆ. ಅಬ್ಬಿಯೆಂದರೆ ನೀರಿನ ನೆಲೆ. ಕಲ್ಲುಗುಡಿಯೆಂದರೆ ಹಿರಿಯರ ಸಮಾಧಿಯ ಸ್ಥಳ. ಸೋಲಿಗ ಹಿರಿಯರು ಸಂಶೋಧಕರ ಜೊತೆಯಲ್ಲಿ ಕಾಡನ್ನು ಸುತ್ತಿ ಇಂತಹ ನಾನೂರಕ್ಕೂ ಹೆಚ್ಚು ಸ್ಥಾನಗಳನ್ನು ನಕ್ಷೆಯಲ್ಲಿ ಗುರುತಿಸಿದ್ದಾರೆ. ಹೊರಗಿನವರ ಕಣ್ಣಿಗೆ ಬರಿಯ ಕಾಡಾಗಿ ತೋರುವುದು ಅವರಿಗೆ ಹೆಸರುಹೆಸರಿನಿಂದ ಪರಿಚಿತವಾದ ಊರಿನಂತೆ.

ಭಾರ್ಗವಿ ಹೊಳೆಯ ದಡದಲ್ಲಿ ಶತಮಾನಗಳಿಂದ ನಿಂತಿರುವ ದೊಡ್ಡ ಸಂಪಿಗೆ ಮರವು ಅವರ ಪೂಜ್ಯ ದೈವಗಳಲ್ಲೊಂದು. ಹುಲಿಯನ್ನು ಅವರು ಹುಲಿವೀರಪ್ಪನೆಂದು ಪೂಜಿಸುತ್ತಾರೆ. ಬೆಟ್ಟದ ಮೇಲಿನ ಬಿಳಿಗಿರಿರಂಗನಾಥನಂತೂ ಅವರಿಗೆ ನಂಟ. ರಂಗನಾಥನು ಕುಸುಮಾಲೆಯೆಂಬ ಸೋಲಿಗರ ಹೆಣ್ಣನ್ನು ಮೆಚ್ಚಿ ಮದುವೆಯಾದನೆಂಬುದು ಅವರ ಕಥೆ. ಹಾಗಾಗಿ ದೇವರು ಅವರಿಗೆ ಭಾವ! ಭಕ್ತಿಯಲ್ಲಿ ಭಯಕ್ಕಿಂತ ಸಲಿಗೆ ಹೆಚ್ಚು. ತಪ್ಪಲಿನ ಬೂದಿತಿಟ್ಟು ಗ್ರಾಮದವರು ಈ ದೇವರಿಗೆ ದೊಡ್ಡ ಚರ್ಮದ ಪಾದರಕ್ಷೆಗಳನ್ನು ಹೊಲಿದು ಎರಡು ವರ್ಷಕ್ಕೊಮ್ಮೆ ಅರ್ಪಿಸುತ್ತಾರೆ. ಅವನ್ನು ಮೆಟ್ಟಿಕೊಂಡು ದೇವರು ಕಾಡೆಲ್ಲ ಸಂಚರಿಸುತ್ತಾನೆ, ಆದುದರಿಂದಲೇ ಅವು ಸವೆಯುತ್ತವೆ ಎಂಬುದು ಜನರ ನಂಬಿಕೆ. ಸುಗ್ಗಿಯಾದ ಮೇಲೆ ಹೊಸ ರಾಗಿಯಿಂದ ಮಾಡುವ ರೊಟ್ಟಿ ಹಬ್ಬದಂದು ಪೋಡಿನ ಗಂಡಸರೂ ಹೆಂಗಸರೂ ಬೆಂಕಿಯ ಸುತ್ತ ಕುಣಿಯುತ್ತ ರಾತ್ರಿಯನ್ನು ಕಳೆಯುತ್ತಾರೆ.

ಜೇನು ಕೀಳುವುದರಲ್ಲಿ ಸೋಲಿಗರ ಜಾಣ್ಮೆ ಪ್ರಸಿದ್ಧವಾದುದು. ಹೆಜ್ಜೇನು, ತುಡುವೆ, ಕೋಲುಜೇನು, ನಸರುಜೇನು, ಇವುಗಳ ಸ್ವಭಾವವೆಲ್ಲ ಅವರಿಗೆ ಕರತಲಾಮಲಕ. ಯಾವ ಮರ ಯಾವಾಗ ಹೂ ಬಿಡುತ್ತದೆ, ಆಗ ಜೇನಿನ ಬಣ್ಣ ರುಚಿಗಳು ಹೇಗೆ ಬದಲಾಗುತ್ತವೆ ಎಂಬುದನ್ನು ಅವರು ಹೇಳಬಲ್ಲರು. ಎತ್ತರದ ಬಂಡೆಯಿಂದಲೂ ಮರದಿಂದಲೂ ಹೆಜ್ಜೇನನ್ನು ಕೀಳುವುದು ಹೆಚ್ಚಾಗಿ ರಾತ್ರಿಯ ಕತ್ತಲೆಯಲ್ಲಿ. ತುಪ್ಪವಿರುವ ಭಾಗವನ್ನಷ್ಟೇ ಕೊಯ್ದುಕೊಂಡು ಹುಟ್ಟಿನಲ್ಲಿ ಒಂದು ಪಾಲನ್ನು ಹುಳುಗಳಿಗೆಂದು ಬಿಡುವುದು ಹಿರಿಯರಿಂದ ಬಂದ ನಡವಳಿಕೆ. ನೆಲ್ಲಿಕಾಯಿ, ಸೀಗೆ, ಅಂಟುವಾಳ, ಮಾಗಳಿ ಬೇರು, ಮರದ ಪಾಚಿ ಮುಂತಾದವನ್ನೂ ಅವರು ಸಂಗ್ರಹಿಸಿ ಸಹಕಾರ ಸಂಘಗಳ ಮೂಲಕ ಮಾರುತ್ತಿದ್ದರು.

1974ರಲ್ಲಿ ಬಿಳಿಗಿರಿರಂಗನ ಬೆಟ್ಟದ ಕಾಡನ್ನು ವನ್ಯಮೃಗಧಾಮವೆಂದು ಘೋಷಿಸಲಾಯಿತು. ಇದಕ್ಕೆ ಎರಡು ವರ್ಷಗಳ ಹಿಂದೆ, 1972ರಲ್ಲಿ, ವನ್ಯಜೀವಿ ಸಂರಕ್ಷಣಾ ಕಾಯಿದೆ ಜಾರಿಗೆ ಬಂದಿತ್ತು. ಬೇಟೆಯಿಂದಲೂ ಮರಗಳ ಕಡಿತದಿಂದಲೂ ನಾಶವಾಗುತ್ತಿದ್ದ ಕಾಡಿಗೆ ಇಂತಹ ರಕ್ಷಣೆ ಅಗತ್ಯವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರ ಭಾರವನ್ನು ಹೊತ್ತವರು ಸೋಲಿಗರು. ಅವರ ಬೇಸಾಯ ನಿಂತಿತು; ಒಳಕಾಡಿನ ಪೋಡುಗಳನ್ನು ಬಿಡಿಸಿ ಜನರನ್ನು ರಸ್ತೆಯ ಅಂಚಿಗೂ ಕಾಡಿನ ಅಂಚಿಗೂ ತಂದು ನೆಲೆಗೊಳಿಸಲಾಯಿತು. ಅದುವರೆಗೆ ಕಾಡಿಗೆ ಅವರೇ ಇಡುತ್ತಿದ್ದ ತರಗು ಬೆಂಕಿಗೂ ತಡೆ ಬಿದ್ದಿತು.

ಈ ತರಗು ಬೆಂಕಿಯ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿಯಬೇಕು. ಬೇಸಗೆ ಬಲಿಯುವುದಕ್ಕೆ ಮುಂಚೆಯೇ, ನೆಲದಲ್ಲಿ ಇನ್ನೂ ತುಸು ತೇವವಿರುವಾಗ, ಸೋಲಿಗರು ಉದುರಿದ ತರಗೆಲೆಗಳಿಗೆ ಅಲ್ಲಲ್ಲಿ ಬೆಂಕಿಯಿಡುತ್ತಿದ್ದರು. ಆ ಬೆಂಕಿ ನೆಲವನ್ನು ನೆಕ್ಕಿಕೊಂಡು ಹೋಗುತ್ತಿತ್ತೇ ಹೊರತು ಮರದ ತುದಿಗೆ ಏರುತ್ತಿರಲಿಲ್ಲ. ಮಳೆ ಬಿದ್ದೊಡನೆ ಅಲ್ಲಿ ಎಳೆಹುಲ್ಲು ಚಿಗುರಿ ಕಡವೆ, ಜಿಂಕೆ, ಕಾಟಿಗಳಿಗೆ ಮೇವಾಗುತ್ತಿತ್ತು. ಬೆಂಕಿಯನ್ನು ನಿಷೇಧಿಸಿದ ಮೇಲೆ ಅಮೆರಿಕಾ ಖಂಡದಿಂದ ಬಂದ ಲಂಟಾನಾ ಎಂಬ ಮುಳ್ಳಿನ ಪೊದೆ ಕಾಡಿನ ನೆಲವನ್ನೆಲ್ಲ ಆಕ್ರಮಿಸಿತೆಂದು ಸೋಲಿಗರು ಹೇಳುತ್ತಾರೆ. ಅದರ ಅಡಿಯಲ್ಲಿ ಹುಲ್ಲು ಬೆಳೆಯದು, ಮರದ ಸಸಿ ಮೇಲೇಳದು. ನೆಲ್ಲಿಮರಗಳ ಮೇಲೆ ಅವರು ಉಪ್ಪಿಲು ಎಂದು ಕರೆಯುವ ಬಂದಳಿಕೆಯೂ ಹೆಚ್ಚಾಗಿ ಮರಗಳು ಸೊರಗಿ ಸತ್ತವು; ಹಿಂದೆ ಅದರ ಎಳೆಗುಡಿಗಳನ್ನು ತರಗು ಬೆಂಕಿಯೇ ಹತೋಟಿಯಲ್ಲಿಡುತ್ತಿತ್ತೆಂಬುದು ಅವರ ವಿವರಣೆ. ಬಹುಕಾಲ ಯಾರೂ ಇದಕ್ಕೆ ಕಿವಿಗೊಡಲಿಲ್ಲ. ಈಚಿನ ದಶಕಗಳಲ್ಲಿ ಪರಿಸರ ವಿಜ್ಞಾನಿಗಳು ಈ ಮಾತನ್ನು ಗಂಭೀರವಾಗಿ ಪರೀಕ್ಷಿಸತೊಡಗಿದ್ದಾರೆ. ಲಂಟಾನಾ ದಟ್ಟವಾಗಿ ಬೆಳೆದ ಕಾಡಿಗೆ ಈಗ ಕಡುಬೇಸಗೆಯಲ್ಲಿ ಬೆಂಕಿ ಬಿದ್ದರೆ ಅದು ಹಿಂದಿನಂತೆ ನೆಲದಲ್ಲಿಯೇ ಉಳಿಯುವುದಿಲ್ಲ. ಪೊದೆಯನ್ನು ಏಣಿಯಾಗಿ ಮಾಡಿಕೊಂಡು ಮರಕ್ಕೆ ಹತ್ತುತ್ತದೆ. ಹೀಗಾಗಿ ಹಳೆಯ ಪದ್ಧತಿಯನ್ನು ಇದ್ದಕ್ಕಿದ್ದಂತೆ ಮತ್ತೆ ತರುವುದೂ ಸುಲಭವಲ್ಲ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಮಾತ್ರ ಈ ಪೀಡೆಯನ್ನೇ ಕಸುಬಾಗಿ ಮಾಡಿಕೊಂಡು, ಬಿದಿರಿಗೆ ಬದಲು ಲಂಟಾನಾದ ಕಡ್ಡಿಗಳಿಂದ ಕುರ್ಚಿ, ಮೇಜು, ಬುಟ್ಟಿಗಳನ್ನು ಹೆಣೆಯುತ್ತಿದ್ದಾರೆ.

ಕಾಡಿನಿಂದ ಹೊರಗೆ ಬಂದ ಜನಕ್ಕೆ ರೋಗ, ಬಡತನ, ಅನಕ್ಷರತೆಗಳು ಎದುರಾದವು. ವೈದ್ಯರಾದ ಎಚ್. ಸುದರ್ಶನ್ ಅವರು ಬಿಳಿಗಿರಿರಂಗನ ಬೆಟ್ಟಕ್ಕೆ ಬಂದು ಸೋಲಿಗರ ಚಿಕಿತ್ಸೆಗೆ ತೊಡಗಿ, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ಆಸ್ಪತ್ರೆಯೊಂದಿಗೆ ಶಾಲೆಯೂ, ಕಸುಬಿನ ಶಿಕ್ಷಣವೂ ಬೆಳೆದವು. ಈ ಕಾರ್ಯಕ್ಕಾಗಿ 1994ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ದೊರೆಯಿತು. ಅಕ್ಷರ ಕಲಿತ ಸೋಲಿಗ ತರುಣರು ತಮ್ಮ ಸಂಘಗಳನ್ನು ಕಟ್ಟಿಕೊಂಡು ಹಕ್ಕಿನ ಮಾತನ್ನಾಡತೊಡಗಿದರು.

2006ರಲ್ಲಿ ಸಂಸತ್ತು ಅರಣ್ಯ ಹಕ್ಕುಗಳ ಕಾಯಿದೆಯನ್ನು ಅಂಗೀಕರಿಸಿತು. ತಲೆಮಾರುಗಳಿಂದ ಕಾಡಿನಲ್ಲಿ ಬಾಳಿದವರಿಗೆ ಅಲ್ಲಿನ ನೆಲದ ಮೇಲೂ ಕಿರು ಉತ್ಪನ್ನಗಳ ಮೇಲೂ ಹಕ್ಕುಂಟೆಂದು ಅದು ಒಪ್ಪಿತು. ಸೋಲಿಗರು ಅರ್ಜಿ ಸಲ್ಲಿಸಿ ಕಾದರು. ಅಷ್ಟರಲ್ಲಿ, 2011ರ ಆರಂಭದಲ್ಲಿ, ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ತಮ್ಮನ್ನು ಇನ್ನೊಮ್ಮೆ ಎಬ್ಬಿಸುವರೆಂಬ ಆತಂಕ ಪೋಡುಗಳಲ್ಲಿ ಹಬ್ಬಿತು. ಅದೇ ವರ್ಷದ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರಗಳು ದೊರೆತವು. ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಇಂತಹ ಹಕ್ಕನ್ನು ಮನ್ನಿಸಿದ್ದು ಭಾರತದಲ್ಲಿಯೇ ಮೊದಲು. ಹಕ್ಕುಪತ್ರ ಬಂದ ಮಾತ್ರಕ್ಕೆ ಎಲ್ಲವೂ ಬಗೆಹರಿಯಲಿಲ್ಲ; ಜೇನಿನ ದಾರಿಯಲ್ಲಿ ತಡೆಯುವವರಿದ್ದರು. ಆದರೂ ತಾವು ಕಾಡಿನ ಕಳ್ಳರಲ್ಲ, ಪಾಲುದಾರರು ಎಂಬುದಕ್ಕೆ ಆ ಪತ್ರ ಆಧಾರವಾಯಿತು. ಇಂದು ಹಲವು ಪೋಡುಗಳಲ್ಲಿ ಮರಗಳ ನೆರಳಿನಲ್ಲಿ ಕಾಫಿಯನ್ನೂ ಮೆಣಸನ್ನೂ ಬೆಳೆಯುತ್ತಾರೆ. 2022ರಲ್ಲಿ ಈ ಬೆಟ್ಟದಲ್ಲಿ ಕಂಡ ಒಂದು ಹೊಸ ಬಗೆಯ ಕಣಜದ ಕುಲಕ್ಕೆ ವಿಜ್ಞಾನಿಗಳು ಸೋಲಿಗ ಎಂದೇ ಹೆಸರಿಟ್ಟರು.

ಪೂರ್ವ ದಿಕ್ಕಿನಲ್ಲಿ ಹನೂರಿನ ಆಚೆಗೆ ಎಪ್ಪತ್ತೇಳು ಮಲೆಗಳೆಂದು ಜನಪದರು ಎಣಿಸುವ ಮಹದೇಶ್ವರನ ಬೆಟ್ಟಗಳಿವೆ. ಮಾದಪ್ಪನೆಂದು ಜನರು ಪ್ರೀತಿಯಿಂದ ಕರೆಯುವ ಈ ದೈವವನ್ನು ಹುಲಿಯ ಮೇಲೆ ಕುಳಿತವನಾಗಿ ಚಿತ್ರಿಸುತ್ತಾರೆ. ದೇವರ ಗುಡ್ಡರು ಕಂಸಾಳೆಯನ್ನು ಬಾರಿಸುತ್ತ ರಾತ್ರಿಯೆಲ್ಲ ಹಾಡುವ ಮಾದೇಶ್ವರನ ಕಾವ್ಯವು ಕನ್ನಡದ ಹಿರಿಯ ಜನಪದ ಮಹಾಕಾವ್ಯಗಳಲ್ಲಿ ಒಂದು. ಜಾತ್ರೆಗಳಿಗೆ ಕರ್ನಾಟಕದವರಷ್ಟೇ ಉತ್ಸಾಹದಿಂದ ತಮಿಳುನಾಡಿನ ಭಕ್ತರೂ ನಡೆದುಬರುತ್ತಾರೆ.

ಇದೇ ಕಾಡು ಒಂದು ಕಾಲಕ್ಕೆ ಭೀತಿಯ ನೆಲೆಯೂ ಆಗಿತ್ತು. ಗೋಪಿನಾಥಂ ಗ್ರಾಮದ ವೀರಪ್ಪನ್ ಗಂಧದ ಮರ ಮತ್ತು ಆನೆಯ ದಂತಗಳ ಕಳ್ಳಸಾಗಣೆಯಿಂದ ಆರಂಭಿಸಿ ಅನೇಕರನ್ನು ಕೊಂದನು. ಗೋಪಿನಾಥಂ ಜನರ ನಡುವೆ ನೆಲೆಸಿ ಅವರ ವಿಶ್ವಾಸ ಗಳಿಸಿದ್ದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರು, ಶರಣಾಗುವೆನೆಂಬ ಅವನ ಮಾತನ್ನು ನಂಬಿ ಹೋಗಿ 1991ರ ನವೆಂಬರಿನಲ್ಲಿ ಹತರಾದರು. 2000ದಲ್ಲಿ ರಾಜ್‌ಕುಮಾರ್ ಅವರನ್ನು ಗಾಜನೂರಿನಿಂದ ಅಪಹರಿಸಿ ನೂರಕ್ಕೂ ಹೆಚ್ಚು ದಿನ ಕಾಡಿನಲ್ಲಿಟ್ಟಿದ್ದವನೂ ಅವನೇ. 2004ರಲ್ಲಿ ಅವನು ಹತನಾದನು. ಅವನಿಗೂ ಪೋಲೀಸರಿಗೂ ನಡುವೆ ಸಿಕ್ಕಿ ಕಾಡಂಚಿನ ಬಡಜನರು ಅನುಭವಿಸಿದ ಹಿಂಸೆ ಹೇಳತೀರದು.

ಆ ಭೀತಿ ಹೋದ ಮೇಲೆ ಜಿಲ್ಲೆಯ ಎದುರಿಗಿರುವುದು ಬೇರೆಯ ಸಮಸ್ಯೆ. 1973ರಲ್ಲಿ ಹುಲಿ ಯೋಜನೆಗೆ ಸೇರಿದ ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಕಾವೇರಿ ವನ್ಯಧಾಮ, 2013ರಲ್ಲಿ ವನ್ಯಧಾಮವಾದ ಮಲೆ ಮಹದೇಶ್ವರ ಬೆಟ್ಟ, ಹೀಗೆ ಸುತ್ತಲೂ ಸಂರಕ್ಷಿತ ಕಾಡುಗಳು. ಕಾಡಿಗೂ ಹೊಲಕ್ಕೂ ನಡುವೆ ಇರುವುದು ಕೆಲವೊಮ್ಮೆ ಒಂದು ಕಂದಕ ಮಾತ್ರ. ಆನೆಯೊಂದು ಹಸಿದು ಹೊಲಕ್ಕಿಳಿದರೆ ಒಂದು ವರ್ಷದ ದುಡಿಮೆ ಒಂದೇ ರಾತ್ರಿಯಲ್ಲಿ ಮಣ್ಣುಪಾಲಾಗುತ್ತದೆ. ಮೇಯಲು ಹೋದ ಹಸುವನ್ನು ಹುಲಿ ಹಿಡಿದರೆ ಬಡ ಸಂಸಾರದ ಆಧಾರವೇ ಕುಸಿಯುತ್ತದೆ. 2025ರ ಜೂನ್ ತಿಂಗಳಿನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ಹೆಣ್ಣು ಹುಲಿಯೂ ಅದರ ನಾಲ್ಕು ಮರಿಗಳೂ ಸತ್ತುಬಿದ್ದಿದ್ದವು. ಹುಲಿ ಕೊಂದ ಹಸುವಿನ ಮೈಗೆ ಯಾರೋ ವಿಷ ಬೆರೆಸಿದ್ದರು. ಹುಲಿಯ ಮೇಲೆ ಕುಳಿತ ದೇವರನ್ನು ಪೂಜಿಸುವ ಬೆಟ್ಟದಲ್ಲಿಯೇ ಇದು ನಡೆಯಿತು. ಕೋಪವೂ ದುಃಖವೂ ಎಷ್ಟು ಆಳಕ್ಕೆ ಇಳಿದಿವೆಯೆಂಬುದನ್ನು ಇದು ತೋರಿಸುತ್ತದೆ.

ಪರಿಹಾರದ ಪ್ರಯತ್ನಗಳೂ ನಡೆಯದೆ ಇಲ್ಲ. ಬಂಡೀಪುರದ ಮೂಲಕ ಹಾದುಹೋಗುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ಸಂಚಾರವನ್ನು ನಿರ್ಬಂಧಿಸಲಾಗಿದೆ. ವಯನಾಡಿನ ವರ್ತಕರೂ ಪ್ರಯಾಣಿಕರೂ ಇದನ್ನು ವಿರೋಧಿಸುತ್ತಲೇ ಬಂದಿದ್ದಾರೆ. ಕಾಡಿನ ಪ್ರಾಣಿಗಳಿಗೆ ಮಾತ್ರ ಆ ಒಂಬತ್ತು ಗಂಟೆಗಳು ಅಮೂಲ್ಯವಾದವು. ಬಿಳಿಗಿರಿರಂಗನ ಬೆಟ್ಟಕ್ಕೂ ಮಲೆ ಮಹದೇಶ್ವರ ಬೆಟ್ಟಕ್ಕೂ ನಡುವೆ, ಎಡೆಯರಹಳ್ಳಿಯ ಬಳಿ, ಆನೆಗಳು ಸಾಗುವ ಕಿರಿದಾದ ಹಾದಿಯೊಂದಿದೆ. ಆ ಹಾದಿಗೆ ಅಡ್ಡವಾಗಿದ್ದ ಹೊಲಗಳನ್ನು ಸಂರಕ್ಷಣಾ ಸಂಸ್ಥೆಯೊಂದು ಒಡೆಯರಿಗೆ ಬೆಲೆ ಕೊಟ್ಟು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತು. ಉಳುಮೆ ನಿಂತ ಆ ನೆಲದಲ್ಲಿ ಹುಲ್ಲೂ ಗಿಡಗಳೂ ತಾವಾಗಿಯೇ ಬೆಳೆದುಕೊಳ್ಳುತ್ತವೆ. ಮಳೆಗಾಲ ಬೇಸಗೆಗಳ ನಡುವೆ ಆನೆಯ ಹಿಂಡುಗಳು ಅಲ್ಲಿಂದಲೇ ಒಂದು ಮಲೆಯಿಂದ ಇನ್ನೊಂದು ಮಲೆಗೆ ದಾಟಿಹೋಗುತ್ತವೆ.